ದೋಣಿ ಹೆಗಲೇರುವ ದಾರಿಯ ಲೆಕ್ಕ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲಿ ಕೆನಡಾ ಎಂದೊಡನೆ ಒಂದು ಚಿತ್ರ ಖಾಯಂ. ಕನ್ನಡಿಯಂಥ ಸರೋವರ, ಅದರ ನಡುವೆ ಕೆಂಪು ಕನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದ ದೋಣಿ), ಲೈಫ್ ಜಾಕೆಟ್ ಇಲ್ಲದೆ ಕೂತ ಇಬ್ಬರು. ಟೊರಾಂಟೊ ಸುತ್ತಲಿನ ಕನ್ನಡಿಗರ ಮನೆಗಳಲ್ಲಿ ಇಂಥ ಚಿತ್ರ ನೋಡಿ, 'ಈ ಸಲ ಊರಿಂದ ಅಪ್ಪ ಅಮ್ಮ ಬಂದಾಗ ಒಂದು ಐದು ದಿನ ದೋಣಿಯಲ್ಲೇ ಸುತ್ತಿಬರೋಣ' ಎಂದು ಹೊರಡುವವರಿದ್ದಾರೆ. ಹೊರಡಲಿ, ಖಂಡಿತ ಹೊರಡಬೇಕು. ಆದರೆ ನಕ್ಷೆಯ ಮೇಲೆ ಸರೋವರಗಳ ಉದ್ದ ಕೂಡಿಸಿ, ಅದನ್ನು ದಿನಗಳಿಗೆ ಭಾಗಿಸಿ ಮಾಡಿದ ಯೋಜನೆ ಎರಡನೇ ದಿನಕ್ಕೇ ಕೈಕೊಡುತ್ತದೆ. ಕನೂ ಪ್ರವಾಸದ ದಿನಗಳನ್ನು ನಿರ್ಧರಿಸುವುದು ದೋಣಿ ಹೊರುವ ಹೆಗಲು ಮತ್ತು ಗಾಳಿ. ಈ ಎರಡನ್ನು ಎಣಿಸುವುದು ಹೇಗೆಂದು ಹೇಳಲು ಈ ಪತ್ರ. ಉದಾಹರಣೆಗೆ ಆಲ್ಗೊಂಕ್ವಿನ್ ಪ್ರಾಂತೀಯ ಉದ್ಯಾನವನ್ನೇ ತೆಗೆದುಕೊಳ್ಳುತ್ತೇವೆ. ಟೊರಾಂಟೊದಿಂದ ಸುಮಾರು ಮೂರು ಗಂಟೆಯ ದಾರಿ, 1893ರಲ್ಲಿ ಸ್ಥಾಪನೆಯಾದದ್ದು, ವಿಸ್ತಾರ 7,600 ಚದರ ಕಿಲೋಮೀಟರಿಗೂ ಹೆಚ್ಚು.

ಮೊದಲು ತಾರೀಖು. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಕಪ್ಪುನೊಣದ ಕಾಲ. ಇದು ನಮ್ಮ ಸೊಳ್ಳೆಯಂತೆ ಸೂಜಿ ಚುಚ್ಚುವುದಿಲ್ಲ, ಚರ್ಮವನ್ನೇ ಕತ್ತರಿಸುತ್ತದೆ; ಕಿವಿಯ ಹಿಂದೆ, ಕೂದಲಂಚಿನಲ್ಲಿ ರಕ್ತ ಇಳಿಯುವವರೆಗೂ ಗೊತ್ತಾಗುವುದಿಲ್ಲ. ಕಡುಬಣ್ಣದ ಬಟ್ಟೆ ಕಂಡರೆ ಹೆಚ್ಚು ಮುತ್ತುತ್ತದೆ. ಅದರ ಹಿಂದೆಯೇ ಸೊಳ್ಳೆಗಳ ಸರದಿ, ಜುಲೈ ತುಂಬ. ಹುಳ ಹತ್ತಿರ ಬಾರದಂತೆ ಹಚ್ಚಿಕೊಳ್ಳುವ ಡೀಟ್ ಲೇಪನದಲ್ಲಿ ಕೆನಡಾದಲ್ಲಿ ಡೀಟ್ ಪ್ರಮಾಣ ದೊಡ್ಡವರಿಗೆ ಗರಿಷ್ಠ 30 ಶೇಕಡ, 2ರಿಂದ 12 ವರ್ಷದ ಮಕ್ಕಳಿಗೆ 10 ಶೇಕಡ. ಆಗಸ್ಟ್ ಎರಡನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೊಸಬರಿಗೆ ಅತ್ಯುತ್ತಮ ಕಾಲ: ಹುಳ ಕಡಿಮೆ, ನೀರು ಬೆಚ್ಚಗೆ. ಹೊಸಬರು ಮೇ ತಿಂಗಳ ಉದ್ದ ವಾರಾಂತ್ಯವನ್ನು ಆರಿಸಿಕೊಳ್ಳಲೇಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹುಳದ ಕಾಟಕ್ಕಿಂತ ದೊಡ್ಡ ಕಾರಣ ನೀರಿನ ತಣ್ಪು. ಇಲ್ಲಿ ಮಂಜುಗಡ್ಡೆ ಕರಗುವುದೇ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ.

ಈ ತಣ್ಪಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೂ ಇದು ಅಪರಿಚಿತ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚುರಪಡಿಸಿದ ಸೂತ್ರ 1-10-1. ಕೊರೆಯುವ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹತೋಟಿಯಲ್ಲಿರುವುದಿಲ್ಲ. ಬಾಯಿ ತಾನಾಗಿ ತೆರೆದು ಏದುಸಿರು ಎಳೆಯುತ್ತದೆ, ಆಗ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಮುಂದಿನ 10 ನಿಮಿಷ ಮಾತ್ರ ಕೈಬೆರಳು ಹೇಳಿದಂತೆ ಕೇಳುತ್ತವೆ. ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ಮುಳುಗಿದವರಲ್ಲಿ ಬಹುಮಂದಿ ಸಾಯುವುದು ಚಳಿಯಿಂದಲ್ಲ, ಚಳಿ ಹತ್ತುವ ಮೊದಲೇ. ಜಾಕೆಟ್ ದೋಣಿಯ ತಳದಲ್ಲಿ ಮಡಚಿಟ್ಟಿದ್ದರೆ ಆ ಮೊದಲ ನಿಮಿಷದಲ್ಲಿ ಅದನ್ನು ತೊಡಲು ಯಾರಿಂದಲೂ ಆಗದು. ತಲೆಗೊಂದರಂತೆ ಸರಿಯಾದ ಅಳತೆಯ ಜಾಕೆಟ್ ದೋಣಿಯಲ್ಲಿರಬೇಕು ಎನ್ನುತ್ತದೆ ಕಾನೂನು. ಮೈಮೇಲಿರಬೇಕು ಎನ್ನುತ್ತದೆ ನೀರು. 15 ಮೀಟರ್ ತೇಲುವ ಹಗ್ಗ, ಸೀಟಿ, ನೀರು ಎತ್ತಿಹಾಕುವ ಡಬ್ಬ ಕೂಡ ಕಾನೂನಿನ ಪಟ್ಟಿಯಲ್ಲಿವೆ. ಬಾಡಿಗೆ ಅಂಗಡಿಯವರು ಇವನ್ನೆಲ್ಲ ಒಂದೇ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಕೊಡುತ್ತಾರೆ. ಆ ಡಬ್ಬವೇ ನೀರೆತ್ತುವ ಪಾತ್ರೆ. ತೆರೆದು ನೋಡಿ ತೆಗೆದುಕೊಳ್ಳಿ.

ಇನ್ನು ಜಾಗ ಕಾದಿರಿಸುವುದು. ಆಲ್ಗೊಂಕ್ವಿನ್‌ನ ಒಳನಾಡಿನಲ್ಲಿ ನೀವು ಕಾದಿರಿಸುವುದು ಡೇರೆ ಹಾಕುವ ನಿರ್ದಿಷ್ಟ ತಾಣವನ್ನಲ್ಲ, ಯಾವ ರಾತ್ರಿ ಯಾವ ಸರೋವರ ಎಂಬುದನ್ನು. ಆ ಸರೋವರದಲ್ಲಿ ಕಿತ್ತಳೆ ಬಣ್ಣದ ಫಲಕವಿರುವ ಯಾವುದಾದರೂ ಖಾಲಿ ತಾಣದಲ್ಲಿ ಇಳಿಯಬಹುದು. ಒಂದು ತಾಣದಲ್ಲಿ ಗರಿಷ್ಠ 9 ಜನ. ಹೊರಡುವ ದಿನಕ್ಕೆ 5 ತಿಂಗಳ ಮುಂಚೆ ಬೆಳಿಗ್ಗೆ 7 ಗಂಟೆಗೆ ಕಾದಿರಿಸುವಿಕೆ ತೆರೆಯುತ್ತದೆ. ಆಗಸ್ಟ್ 20ಕ್ಕೆ ಹೊರಡುವವರು ಮಾರ್ಚ್ 20ಕ್ಕೇ, ಅಂದರೆ ಹೆಚ್ಚುಕಡಿಮೆ ಯುಗಾದಿಯ ಹೊತ್ತಿಗೇ, ಮಾರ್ಗ ನಿರ್ಧರಿಸಿ ಕೂತಿರಬೇಕು. ಬೇಸಿಗೆಯ ಶುಕ್ರವಾರ, ಶನಿವಾರಗಳು ಬೇಗ ಮುಗಿಯುತ್ತವೆ. ಭಾನುವಾರ ಹೊರಟು ಗುರುವಾರ ಮರಳುವ ಲೆಕ್ಕ ಹಾಕಿದರೆ ಸರೋವರವೂ ಸಿಗುತ್ತದೆ, ಸದ್ದೂ ಕಡಿಮೆ.

ಹೀಗೆ ಸರೋವರವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳುವುದರಿಂದಲೇ ದಿನದ ದೂರದ ಲೆಕ್ಕ ತಪ್ಪಬಾರದು. ಸಾಮಾನು ತುಂಬಿದ ಕನೂ, ಹೊಸಬರ ಕೈಯಲ್ಲಿ, ಗಾಳಿಯಿಲ್ಲದ ನೀರಿನಲ್ಲಿ ಗಂಟೆಗೆ 4 ಕಿಲೋಮೀಟರ್ ಸಾಗುತ್ತದೆ. ಎದುರು ಗಾಳಿಗೆ 2 ಆಗಬಹುದು, ಸೊನ್ನೆಯೂ ಆಗಬಹುದು. ಇದರ ಮೇಲೆ ಪೋರ್ಟೇಜ್. ಒಂದು ಸರೋವರದಿಂದ ಇನ್ನೊಂದಕ್ಕೆ, ಅಥವಾ ಒಂದು ಝರಿಯನ್ನು ತಪ್ಪಿಸಲು, ದೋಣಿ ಮತ್ತು ಸಾಮಾನನ್ನು ಹೊತ್ತು ನಡೆಯುವ ಕಾಲುದಾರಿಗೆ ಆ ಹೆಸರು. ಬರ್ಚ್ ತೊಗಟೆಯ ದೋಣಿ ಕಟ್ಟಿದ ಮೂಲನಿವಾಸಿಗಳು ನಡೆದು ಸವೆಸಿದ ಹಾದಿಗಳ ಸಂಪ್ರದಾಯ ಇದು. ತುಪ್ಪಳ ವ್ಯಾಪಾರದ ಕಾಲದ ದೋಣಿಯಾಳುಗಳು ತಲಾ 90 ಪೌಂಡಿನ ಎರಡೆರಡು ಮೂಟೆ ಹೊತ್ತು ಓಡುತ್ತಿದ್ದರಂತೆ. ನಮ್ಮಿಂದ ಅದು ಆಗದು. ಆಗದು ಎಂಬುದನ್ನೇ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ನಾಲ್ಕು ಜನ, ಎರಡು ಕನೂ, ಐದು ದಿನ ಎಂದಿಟ್ಟುಕೊಳ್ಳಿ. ಕೆವ್ಲರ್ ಎಂಬ ಹಗುರ ನಾರಿನ ಕನೂ ಒಂದಕ್ಕೆ ಸುಮಾರು 20 ಕಿಲೋ, ಎರಡಕ್ಕೆ 40. ಊಟದ ಸಾಮಾನು 13 ಕಿಲೋ. ಡೇರೆ, ಮಲಗುಚೀಲ, ಬಟ್ಟೆ, ಒಲೆ, ಹಗ್ಗ ಎಲ್ಲ ಸೇರಿ ಇನ್ನೊಂದು 50. ಒಟ್ಟು 100 ಕಿಲೋ ಮೀರುತ್ತದೆ. ಒಂದೇ ಸಲಕ್ಕೆ ಸಾಗಿಸಬೇಕೆಂದರೆ ತಲೆಗೆ 25 ಕಿಲೋ, ಅದೂ ಒದ್ದೆ ಬೇರು, ಜಾರುವ ಬಂಡೆಗಳ ಮೇಲೆ. ಹಾಗಾಗಿ ಹೊಸಬರು ಎರಡು ಸುತ್ತು ಹೊರುತ್ತಾರೆ: ಹೊತ್ತು ಹೋಗಿ, ಬರಿಗೈಲಿ ಮರಳಿ, ಮತ್ತೆ ಹೊತ್ತು ಹೋಗಿ. ನಕ್ಷೆಯಲ್ಲಿ 790 ಮೀಟರ್ ಎಂದಿದ್ದರೆ ಕಾಲಿಗೆ ಅದು 2,370 ಮೀಟರ್. ದಿನಕ್ಕೆ 12 ಕಿಲೋಮೀಟರ್ ನೀರು, ನಾಲ್ಕು ಪೋರ್ಟೇಜ್ ಸೇರಿ ಒಂದೂವರೆ ಕಿಲೋಮೀಟರ್ ನೆಲ ಎಂದರೆ ಹೀಗೆ ಎಣಿಸಿ: ಹುಟ್ಟು ಹಾಕಲು 3 ಗಂಟೆ, ಹೊರಲು ನಾಲ್ಕೂವರೆ ಕಿಲೋಮೀಟರ್ ನಡಿಗೆ, ಒಂದೂವರೆ ಗಂಟೆ, ಪ್ರತಿ ಪೋರ್ಟೇಜಿನ ಎರಡು ತುದಿಗಳಲ್ಲಿ ಇಳಿಸಿ ತುಂಬಲು 20 ನಿಮಿಷದಂತೆ ಒಟ್ಟು 80 ನಿಮಿಷ. ಊಟ ಬಿಟ್ಟೇ ಆರು ಗಂಟೆ. ಈ 80 ನಿಮಿಷವನ್ನು ಯಾರೂ ಎಣಿಸುವುದಿಲ್ಲ. ಕತ್ತಲಲ್ಲಿ ತಾಣ ಹುಡುಕುವಂತೆ ಮಾಡುವುದು ಬಹುಪಾಲು ಅದೇ. ಅದನ್ನು ಕಡಿಮೆ ಮಾಡುವ ಉಪಾಯ ಸರಳ. ಕೈಯಲ್ಲಿ ಹಿಡಿಯುವ ಬಿಡಿ ಸಾಮಾನು ಇರಕೂಡದು. ಕೊಡೆ, ನೀರಿನ ಬಾಟಲಿ, ಚಪ್ಪಲಿ, ಕ್ಯಾಮೆರಾ ಎಲ್ಲವೂ ಯಾವುದಾದರೊಂದು ಚೀಲದೊಳಗೆ, ಹುಟ್ಟುಗಳು ಕನೂವಿನೊಳಗೆ ಕಟ್ಟಿ. ಒಟ್ಟು ತುಂಡುಗಳು 8 ಎಂದಾದರೆ ಪ್ರತಿ ದಡದಲ್ಲಿ 8 ಎಣಿಸಿ ದೋಣಿ ಬಿಡಿ. ಎಣಿಸದಿದ್ದವರ ಒಂದು ಚೀಲ ಹಿಂದಿನ ದಡದಲ್ಲೇ ಉಳಿದಿರುತ್ತದೆ.

ಕನೂ ಎತ್ತುವಾಗ ಸೊಂಟ ಹಿಡಿಯುವುದು ಒಬ್ಬರೇ ಒಮ್ಮೆಗೇ ತಲೆಯ ಮೇಲೆ ಎಸೆದುಕೊಳ್ಳಲು ಹೋದಾಗ. ಇಬ್ಬರಿದ್ದಾಗ ಹೀಗೆ ಮಾಡಿ: ದೋಣಿ ಬೋರಲಾಗಿರಲಿ, ಒಬ್ಬರು ಮುಂದಿನ ತುದಿಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯಲಿ, ಹಿಂದಿನ ತುದಿ ನೆಲದಲ್ಲೇ ಊರಿರಲಿ. ಎರಡನೆಯವರು ಒಳಗೆ ನುಗ್ಗಿ ನಡುವಿನ ನೊಗವನ್ನು ಎರಡೂ ಹೆಗಲಿಗೆ ಕೊಟ್ಟು ನಿಂತರೆ ತೂಕ ತಾನೇ ಸಮವಾಗುತ್ತದೆ. ನೊಗ ಎನ್ನುವುದು ಇಲ್ಲಿ ಬರೀ ಉಪಮೆಯಲ್ಲ; ಆ ಅಡ್ಡಮರದ ಹೆಸರೂ ಅದೇ, ಕೆಲಸವೂ ಅದೇ. ಮುಂದಿನ ತುದಿ ತುಸು ಮೇಲಿದ್ದರೆ ದಾರಿ ಕಾಣುತ್ತದೆ.

ಕ್ಯಾನೂ ಲೇಕ್‌ನಿಂದ ಜೋ ಲೇಕ್, ಬರ್ನ್ಟ್ ಐಲೆಂಡ್, ಆಟರ್‌ಸ್ಲೈಡ್ ದಾಟಿ ಬಿಗ್ ಟ್ರೌಟ್ ಮುಟ್ಟಿ ಅದೇ ದಾರಿಯಲ್ಲಿ ಮರಳುವ ಮಾರ್ಗ ಐದು ದಿನಕ್ಕೆ ಒಪ್ಪುತ್ತದೆ. ಮೊದಲ ಪೋರ್ಟೇಜ್ 295 ಮೀಟರ್, ಅಗಲ ಮತ್ತು ಸಪಾಟು, ಕಲಿಯಲು ಹೇಳಿಮಾಡಿಸಿದ್ದು. ಬರ್ನ್ಟ್ ಐಲೆಂಡ್‌ನ ಆಚೆ 790 ಮೀಟರಿನದು. ಆಟರ್‌ಸ್ಲೈಡ್ ತೊರೆಯಲ್ಲಿ ಹೆಚ್ಚಾಗಿ ಸಣ್ಣವು ಸಾಲಾಗಿ ಬರುತ್ತವೆ. ಉದ್ದ ಕಡಿಮೆ ಎಂದು ಹಗುರಾಗಿ ಕಾಣಬೇಡಿ, ಇಳಿಸಿ ತುಂಬುವ ನಿಮಿಷಗಳು ಅಲ್ಲೇ ಸೋರಿಹೋಗುವುದು. ಆಗಸ್ಟ್ ಕೊನೆಗೆ ತೊರೆಯ ನೀರು ಇಳಿದಿದ್ದರೆ ಬೀವರ್ ಎಂಬ ಪ್ರಾಣಿ ತೊರೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳ ಮೇಲೆ ದೋಣಿ ಎಳೆಯಬೇಕಾಗುತ್ತದೆ, ಕೆಸರಿನಲ್ಲಿ ಮೊಣಕಾಲುದ್ದ ಇಳಿಯಬೇಕಾಗುತ್ತದೆ. ಸುತ್ತಿ ಬರುವ ಮಾರ್ಗಗಳು ನಕ್ಷೆಯಲ್ಲಿ ಚೆಂದ ಕಾಣುತ್ತವೆ, ಆದರೆ ಮೊದಲ ಸಲ ಹೋದ ದಾರಿಯಲ್ಲೇ ಬರುವುದು ಲೇಸು. ಯಾರಿಗಾದರೂ ಕಾಲು ಉಳುಕಿದರೆ ಎಲ್ಲಿಂದ ಬೇಕಾದರೂ ಹಿಂತಿರುಗಬಹುದು, ಮುಂದಿನ ಪೋರ್ಟೇಜ್ ಹೇಗಿದೆಯೆಂಬುದೂ ಗೊತ್ತಿರುತ್ತದೆ.

ಗಾಳಿ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ. ಬಿಸಿಲೇರಿದಂತೆ ಏರಿ ಮಧ್ಯಾಹ್ನಕ್ಕೆ ಜೋರು, ಸಂಜೆಗೆ ಇಳಿತ. ದೊಡ್ಡ ಸರೋವರ ದಾಟುವುದಿದ್ದರೆ ಬೆಳಿಗ್ಗೆ 6ಕ್ಕೆ ದೋಣಿ ನೀರಿಗಿಳಿದಿರಲಿ, 10ಕ್ಕೆ ಆಚೆ ದಡ ಸೇರಿರಲಿ, ತಿಂಡಿ ಅಲ್ಲಿ. ನಡುನೀರಿಗೆ ಹೋಗದೆ ಗಾಳಿ ಬೀಸಿ ಬರುವ ಕಡೆಯ ದಡದ ಮರೆಯಲ್ಲೇ ಸಾಗಿ. ಎದುರು ಗಾಳಿಯಲ್ಲಿ ಹೊಸಬರ ಕನೂ ಪದೇಪದೇ ಅಡ್ಡ ತಿರುಗುವುದಕ್ಕೆ ತೋಳಿನ ಬಲ ಸಾಲದ್ದು ಕಾರಣವಲ್ಲ. ಹಿಂದೆ ಕೂತವರ ತೂಕ, ಅವರ ಮುಂದಿಟ್ಟ ಚೀಲಗಳ ತೂಕ ಸೇರಿ ಹಿಂಭಾಗ ಕುಸಿದಿರುತ್ತದೆ, ಮೂತಿ ನೀರಿನಿಂದ ಎದ್ದಿರುತ್ತದೆ. ಎದ್ದ ಮೂತಿ ಗಾಳಿಗೆ ಪಟದಂತೆ ಸಿಕ್ಕಿ ದೋಣಿ ಸುತ್ತುತ್ತದೆ. ಭಾರದ ಚೀಲವನ್ನು ಒಂದು ಮೊಳ ಮುಂದೆ ಸರಿಸಿ, ಮೂತಿ ಕೂಡ ಹಿಂಭಾಗದಷ್ಟೇ ತಗ್ಗಲಿ, ಅರ್ಧ ಜಗಳ ಮುಗಿಯಿತು. ಬೆನ್ನಹಿಂದಿನ ಗಾಳಿಗೆ ಇದರ ತದ್ವಿರುದ್ಧ, ಹಿಂಭಾಗ ತುಸು ಭಾರ. ಅಲೆ ಎದ್ದಾಗ ಆಸನದಿಂದ ಇಳಿದು ಮಂಡಿಯೂರಿ. ಅಲೆಗೆ ನೇರವಾಗಿಯೂ ಅಲ್ಲ, ಅಡ್ಡವಾಗಿಯೂ ಅಲ್ಲ, ಓರೆಯಾಗಿ ಮೂತಿ ಕೊಡಿ. ದೋಣಿ ಓಲಾಡಿದಾಗ ಎರಡೂ ಕೈಯಲ್ಲಿ ಅಂಚು ಹಿಡಿಯುವುದು ಎಲ್ಲರ ಮೊದಲ ಪ್ರತಿಕ್ರಿಯೆ, ಮಗುಚುವುದೂ ಅದರಿಂದಲೇ. ಅಂಚು ಹಿಡಿದ ಮೇಲೆ ತಲೆ ಹೊರಗೆ ವಾಲುತ್ತದೆ, ದೋಣಿ ತಲೆಯ ಹಿಂದೆ ಹೋಗುತ್ತದೆ. ಹುಟ್ಟು ನೀರಲ್ಲೇ ಇರಲಿ, ಅದೇ ಊರುಗೋಲು.

ಹರಿಗೋಲಿನಲ್ಲಿ ಕೂತ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರದು ಎಂಬುದನ್ನೂ ಹೇಳಿಬಿಡಬೇಕು. ಹರಿಗೋಲು ಅಗಲ, ಚಪ್ಪಟೆ, ನಾಲ್ಕು ಜನ ಒಂದು ಕಡೆ ವಾಲಿದರೂ ಸಹಿಸಿಕೊಳ್ಳುತ್ತದೆ. ಕನೂ ಸಹಿಸಿಕೊಳ್ಳುವುದಿಲ್ಲ. ಊರಿಂದ ಬಂದ ಹಿರಿಯರನ್ನು ಸಾಮಾನ್ಯವಾಗಿ ನಡುವೆ ಮೂರನೆಯವರಾಗಿ ಕೂರಿಸುತ್ತಾರೆ. ಆಗ 16 ಅಡಿಯ ದೋಣಿ ಸಾಲದು, 17 ಅಥವಾ 18 ಅಡಿಯದು ಕೇಳಿ ಪಡೆಯಿರಿ. ಎಲ್ಲರೂ ಕೂತ ಮೇಲೆ ನೀರಿನಿಂದ ಅಂಚಿನವರೆಗೆ ಕನಿಷ್ಠ 15 ಸೆಂಟಿಮೀಟರ್ ಉಳಿದಿರಬೇಕು. ಅವರು ತಳದಲ್ಲೇ ಕೂರಲಿ, ಆಸನ ಎತ್ತರಿಸಬೇಡಿ. ಸೀರೆ, ಪಂಚೆ, ಸೊಂಟಕ್ಕೆ ಕಟ್ಟಿದ ಶಾಲು ಬೇಡವೇ ಬೇಡ. ಮಗುಚಿದಾಗ ಕಾಲಿಗೆ ಸುತ್ತಿಕೊಳ್ಳುತ್ತವೆ. ಜೀನ್ಸ್ ಕೂಡ ಬೇಡ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಉಣ್ಣೆ ಅಥವಾ ಪಾಲಿಯೆಸ್ಟರ್ ಸರಿ. ರಾತ್ರಿಯ ಒಂದು ಜೊತೆ ಬಟ್ಟೆ ನೀರು ನುಗ್ಗದ ಚೀಲದಲ್ಲಿ ಮುಚ್ಚಿಟ್ಟು, ಹಗಲು ಏನೇ ಆದರೂ ಅದನ್ನು ಮುಟ್ಟಬಾರದು.

ಒಂದೇ ದೋಣಿಯಲ್ಲಿ ಹೋಗುವುದನ್ನು ನಾವು ಒಪ್ಪುವುದಿಲ್ಲ. ಮಗುಚಿದ ಕನೂವನ್ನು ನಡುನೀರಿನಲ್ಲಿ ಖಾಲಿ ಮಾಡುವ ಭರವಸೆಯ ದಾರಿಯೆಂದರೆ ಎರಡನೇ ಕನೂವಿನ ಅಂಚುಗಳ ಮೇಲೆ ಅದನ್ನು ಅಡ್ಡಲಾಗಿ ಬೋರಲು ಎಳೆದು, ನೀರು ಬಸಿದು, ತಿರುವಿ ಮತ್ತೆ ನೀರಿಗಿಡುವುದು. ಚೀಲಗಳನ್ನು ದೋಣಿಗೆ ಬಿಗಿದು ಕಟ್ಟಿದ್ದರೆ ಇದು ಸಾಧ್ಯವಾಗದು. ಆದ್ದರಿಂದ ಸರೋವರದಲ್ಲಿ ಕಟ್ಟದಿರುವುದೇ ಮೇಲು ಎಂಬುದು ನಮ್ಮ ಮತ. ಬಾಯಿ ಮುಚ್ಚಿದ ಚೀಲ ತೇಲುತ್ತದೆ. ಬೇರೆ ಅಭಿಪ್ರಾಯದವರೂ ಇದ್ದಾರೆ. ಈಜು ಬರಲಿ ಬಾರದಿರಲಿ, ಹೊರಡುವ ಮುನ್ನ ಜುಲೈನ ಬೆಚ್ಚನೆಯ ಸಣ್ಣ ಕೆರೆಯಲ್ಲಿ ಬೇಕೆಂದೇ ಎರಡು ಸಲ ಮಗುಚಿ ಅಭ್ಯಾಸ ಮಾಡಿ. ಮಗುಚಿದ ಮೇಲೆ ದೋಣಿ ಬಿಟ್ಟು ದಡಕ್ಕೆ ಈಜಬಾರದು, ದಡ ಕಂಡಷ್ಟು ಹತ್ತಿರ ಇರುವುದಿಲ್ಲ. ಟಾಮ್ ಥಾಮ್ಸನ್ ಎಂಬ ಹೆಸರಾಂತ ಚಿತ್ರಕಾರ ಇದೇ ಕ್ಯಾನೂ ಲೇಕ್‌ನಲ್ಲಿ 1917ರ ಜುಲೈನಲ್ಲಿ ಸತ್ತದ್ದು. ವರ್ಷಗಳಿಂದ ಇಲ್ಲಿ ಕನೂ ನಡೆಸಿದ್ದವನು. ಆಕಸ್ಮಿಕ ಮುಳುಗಡೆ ಎಂದು ಅಧಿಕೃತ ತೀರ್ಮಾನವಾಯಿತು, ವಾದ ಇಂದಿಗೂ ನಿಂತಿಲ್ಲ.

ಊಟದ ವಿಷಯದಲ್ಲಿ ಮಾತ್ರ ನಮ್ಮವರಿಗೆ ಅನುಕೂಲ ಹೆಚ್ಚು. ಇಲ್ಲಿನವರು ದುಬಾರಿ ಹಣ ಕೊಟ್ಟು ಕೊಳ್ಳುವ ಒಣ ಆಹಾರಕ್ಕಿಂತ ನಮ್ಮ ಅಡುಗೆಮನೆಯದು ವಾಸಿ. ತಲೆಗೆ ದಿನಕ್ಕೆ 650 ಗ್ರಾಂ ಒಣ ಸಾಮಾನು, ನಾಲ್ವರಿಗೆ ಐದು ದಿನಕ್ಕೆ 13 ಕಿಲೋ. ಬೆಳಿಗ್ಗೆ ಮೊದಲೇ ಹುರಿದು ಒಗ್ಗರಣೆ ಹಾಕಿದ ರವೆಯ ಉಪ್ಪಿಟ್ಟು, ಮಧ್ಯಾಹ್ನ ಒಲೆ ಹಚ್ಚದೆ ರಾಗಿ ಹುರಿಹಿಟ್ಟು ಅಥವಾ ಗೊಜ್ಜವಲಕ್ಕಿ, ರಾತ್ರಿ ಹುಗ್ಗಿ. ಹುಗ್ಗಿಗೆ ಹೆಸರುಬೇಳೆಯೇ ಆಗಬೇಕು, ತೊಗರಿಬೇಳೆ ಕುಕ್ಕರಿಲ್ಲದೆ ಬೇಯುವಷ್ಟರಲ್ಲಿ ಅನಿಲ ಮುಗಿದಿರುತ್ತದೆ. ಪುಳಿಯೋಗರೆ ಗೊಜ್ಜು ಹುಣಸೆ, ಉಪ್ಪು, ಎಣ್ಣೆಯ ದೆಸೆಯಿಂದ ಐದು ದಿನ ಕೆಡದು. ಚಪಾತಿ ಎರಡನೇ ದಿನಕ್ಕೆ ಮುಗಿಸಿ. ಗಾಜಿನ ಸೀಸೆ, ತಗಡಿನ ಡಬ್ಬ ಒಳನಾಡಿನಲ್ಲಿ ನಿಷಿದ್ಧ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿ. ಇಂಧನದ ಡಬ್ಬಕ್ಕೆ ವಿನಾಯಿತಿ ಇದೆ. ನಾಲ್ವರಿಗೆ ಅನ್ನ ಬೇಯಿಸಲು 450 ಗ್ರಾಮಿನ ಎರಡು ಅನಿಲ ಡಬ್ಬ ಬೇಕು. ಕಟ್ಟಿಗೆ ನಂಬಿ ಹೋಗಬೇಡಿ, ಒಣಹವೆಯಲ್ಲಿ ಬೆಂಕಿ ನಿಷೇಧ ಜಾರಿಯಾಗಬಹುದು. ನೀರು ತಿಳಿಯಾಗಿದ್ದರೂ ಬೀವರ್‌ಗಳಿಂದ ಜಿಯಾರ್ಡಿಯಾ ಎಂಬ ಹೊಟ್ಟೆ ಕೆಡಿಸುವ ಪರಾವಲಂಬಿ ಬರುತ್ತದೆ. ಸೋಸಿ, ಇಲ್ಲವೇ ಒಂದು ನಿಮಿಷ ಕುದಿಸಿ.

ಒಗ್ಗರಣೆಯ ಘಮ ಕರಡಿಗೂ ತಲುಪುತ್ತದೆ. ತಿನ್ನುವ ಸಾಮಾನು, ಹಲ್ಲುಜ್ಜುವ ಪೇಸ್ಟ್, ಸೋಪು, ಎಲ್ಲವೂ ರಾತ್ರಿ ಡೇರೆಯಿಂದ ದೂರ, ನೆಲದಿಂದ 4 ಮೀಟರ್ ಎತ್ತರ, ಮರದ ಕಾಂಡದಿಂದ 2 ಮೀಟರ್ ಆಚೆ ತೂಗಬೇಕು. ನೀಲಿ ಪ್ಲಾಸ್ಟಿಕ್ ಪೀಪಾಯಿ ನೀರು ತಡೆಯುತ್ತದೆ, ಕರಡಿಯನ್ನು ತಡೆಯುವುದಿಲ್ಲ. ತೂಗುವ ಕೊಂಬೆಯನ್ನು ಬೆಳಕಿರುವಾಗಲೇ ಹುಡುಕಿ. ಡೇರೆ ಹಾಕುವ ಮೊದಲು ತಲೆಯೆತ್ತಿ ಒಣಮರ, ತೂಗಾಡುವ ಕೊಂಬೆ ಇಲ್ಲವೆಂದು ನೋಡಿಕೊಳ್ಳಿ; ಕರಡಿಗಿಂತ ಅದೇ ಅಪಾಯ. ಶೌಚಕ್ಕೆ ಕಾಡಿನೊಳಗೆ ಮುಚ್ಚಳವಿರುವ ಮರದ ಪೆಟ್ಟಿಗೆಯೊಂದಿರುತ್ತದೆ, ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಹಿರಿಯರಿಗೆ ಇದನ್ನು ಮನೆಯಲ್ಲೇ ಹೇಳಿಬಿಡುವುದು ಒಳ್ಳೆಯದು.

ದಿಕ್ಸೂಚಿಯ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಮುಳ್ಳು ತೋರಿದ್ದೇ ಉತ್ತರ ಎಂದುಕೊಂಡರೆ ನಷ್ಟವಿಲ್ಲ. ಆಲ್ಗೊಂಕ್ವಿನ್‌ನಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ನಕ್ಷೆಯಲ್ಲಿ ಅಳೆದ ಕೋನಕ್ಕೆ 11 ಕೂಡಿಸದೆ ಹೊರಟರೆ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ 190 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಪೋರ್ಟೇಜಿನ ಹಳದಿ ಫಲಕ ಮೂಲೆಯೊಂದರ ಹಿಂದೆ ಮರೆಯಾಗಲು ಅಷ್ಟು ಸಾಕು. ಫೋನಿನ ನಕ್ಷೆ ಇದ್ದರೂ ಕಾಗದದ ನಕ್ಷೆ ಪ್ರತಿ ದೋಣಿಗೊಂದು ಇರಲಿ. ಒಳಗೆ ಮೊಬೈಲ್ ಸಂಕೇತ ಸಿಗದು, ಉಪಗ್ರಹ ಸಂದೇಶ ಯಂತ್ರ ಬಾಡಿಗೆಗೆ ಸಿಗುತ್ತದೆ.

ಹರಿಯುವ ನದಿ ಬೇರೆಯೇ ವಿದ್ಯೆ. ಉದ್ಯಾನದ ಉತ್ತರ ಭಾಗದಲ್ಲಿ ಹರಿಯುವ ಪೆಟವಾವಾ ನದಿಯ ರಭಸ ಅಭ್ಯಾಸವಿಲ್ಲದವರಿಗಲ್ಲ. ಕೆನಡಾದ ವಾಯವ್ಯ ಮೂಲೆಯ ಯುಕಾನ್ ನದಿಯಲ್ಲಿ ವೈಟ್‌ಹಾರ್ಸ್‌ನಿಂದ ಡಾಸನ್‌ವರೆಗೆ 700 ಕಿಲೋಮೀಟರಿಗೂ ಮಿಕ್ಕಿ, ಎರಡು ವಾರ, ಒಂದೂ ಪೋರ್ಟೇಜ್ ಇಲ್ಲದೆ ಹೋಗಬಹುದು. ಹೆಗಲಿಗೆ ಬಿಡುವು, ಆದರೆ ಗಾಳಿಯ ಲೆಕ್ಕ ದುಪ್ಪಟ್ಟು: ಆರಂಭದಲ್ಲೇ ಸುಮಾರು 50 ಕಿಲೋಮೀಟರ್ ಉದ್ದದ ಲಬಾರ್ಜ್ ಸರೋವರ, ಬೇಸಿಗೆಯಲ್ಲೂ ಕೊರೆಯುವ ನೀರು. ಅಲ್ಲಿ ಗಾಳಿಗೆಂದೇ ಎರಡು ದಿನ ಖಾಲಿ ಬಿಡಬೇಕು, ಸಾಗುವಾಗ ದಡದ ಪಕ್ಕ ಬಿಟ್ಟು ಕದಲಬಾರದು. ಮುಂದೆ ಕಾರ್ಮ್ಯಾಕ್ಸ್ ದಾಟಿದ ಮೇಲೆ ಬರುವ ಫೈವ್ ಫಿಂಗರ್ ಎಂಬ ನೀರಿನ ರಭಸದ ಜಾಗದಲ್ಲಿ ಬಲಗಡೆಯ ಕವಲನ್ನೇ ಹಿಡಿಯಬೇಕು, ಅದಕ್ಕೂ ಬಹಳ ಮುಂಚೆಯೇ ಬಲದಂಡೆಗೆ ಸರಿದಿರಬೇಕು. ಆಲ್ಗೊಂಕ್ವಿನ್‌ನಲ್ಲಿ ಎರಡು ಬೇಸಿಗೆ ಕಳೆದ ಮೇಲೆ ಯೋಚಿಸುವ ಮಾತು ಅದು.

ನಿಮ್ಮ ಪತ್ರಿಕೆಗೆ ನಮ್ಮದೊಂದು ವಿನಂತಿ: ಕನೂ ಚಿತ್ರ ಅಚ್ಚು ಹಾಕುವಾಗ ದಯಮಾಡಿ ಲೈಫ್ ಜಾಕೆಟ್ ತೊಟ್ಟವರ ಚಿತ್ರವನ್ನೇ ಆರಿಸಿ. ಹೊರಡುವ ಓದುಗರಿಗೆ ಇನ್ನೊಂದು: ಯಾವ ರಾತ್ರಿ ಯಾವ ಸರೋವರ, ಕಾರು ಎಲ್ಲಿ ನಿಲ್ಲಿಸಿದ್ದು, ದೋಣಿಯ ಬಣ್ಣವೇನು, ಎಷ್ಟು ಹೊತ್ತಿಗೆ ಮರಳದಿದ್ದರೆ ಉದ್ಯಾನದ ಕಚೇರಿಗೆ ಫೋನ್ ಮಾಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಊರಲ್ಲಿ ಉಳಿಯುವವರ ಕೈಗೆ ಕೊಟ್ಟು ಹೋಗಿ. ಆ ಹೊತ್ತನ್ನು ಗುರುವಾರ ಸಂಜೆ ಎಂದಲ್ಲ, ಶುಕ್ರವಾರ ಮಧ್ಯಾಹ್ನ ಎಂದು ಬರೆಯಿರಿ. ಎದುರು ಗಾಳಿಗೆ ಒಂದು ಬೆಳಗು ಕೂತು ಕಾಯುವ ಧೈರ್ಯ ಆಗ ಬರುತ್ತದೆ.

ಇಂತಿ ನಿಮ್ಮ ಓದುಗರು,
ಟೊರಾಂಟೊ